ವಿಕೇಂದ್ರೀಕರಣವನ್ನು ಒರೆಗೆ ಹಚ್ಚುವ ಬಗೆ: ಪಾವಗಡದಿಂದ ಟ್ಯುನೀಷಿಯಾವರೆಗೆ

ತುಮಕೂರು ಜಿಲ್ಲೆಯ ಕಾಲೇಜುಗಳಲ್ಲಿ ರಾಜ್ಯಶಾಸ್ತ್ರ ಓದುವವರು ಎಳೆಯ ಪ್ರಜಾಪ್ರಭುತ್ವವೊಂದರ ವಿಕೇಂದ್ರೀಕರಣವನ್ನು ಕುರಿತು ಪ್ರಬಂಧ ಬರೆಯಲು ಕುಳಿತಾಗ, ಆ ದೇಶದ ಸಂವಿಧಾನಕ್ಕಿಂತ ಮೊದಲು ಅಲ್ಲಿನ ಹಿಂದುಳಿದ ಪ್ರದೇಶಗಳು ಯಾವುವೆಂದು ತಿಳಿದುಕೊಳ್ಳಬೇಕು. ನಮ್ಮಲ್ಲಿ ಈ ಕೆಲಸವನ್ನು ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಮಾಡಿಕೊಟ್ಟಿತು. 35 ಸೂಚಕಗಳಿಂದ ಆಗಿನ 175 ತಾಲ್ಲೂಕುಗಳನ್ನು ಅಳೆದು 114 ಹಿಂದುಳಿದಿವೆ ಎಂದೂ, ಅವುಗಳಲ್ಲಿ ಪಾವಗಡವೂ ಸೇರಿ 39 ಅತ್ಯಂತ ಹಿಂದುಳಿದಿವೆ ಎಂದೂ ಅದು ಹೇಳಿತು. ಜಿಲ್ಲೆಯ ಸರಾಸರಿಯನ್ನಷ್ಟೇ ನೋಡಿದ್ದರೆ ಪಾವಗಡದ ಸ್ಥಿತಿ ಕಾಣುತ್ತಲೇ ಇರಲಿಲ್ಲ. ಉತ್ತರ ಆಫ್ರಿಕಾದ ಟ್ಯುನೀಷಿಯಾದಲ್ಲಿಯೂ ಹಾಗೆಯೇ, ಟ್ಯೂನಿಸ್, ಸೂಸ್, ಸ್ಫಾಕ್ಸ್‌ಗಳ ಕರಾವಳಿಯನ್ನು ಒಂದೆಡೆ, ಸಿದಿ ಬೂಜಿದ್, ಕಸ್ಸರೀನ್‌ಗಳ ಒಳನಾಡನ್ನು ಇನ್ನೊಂದೆಡೆ ಇಟ್ಟು ನೋಡಿ. ಅಲ್ಲಿನ ಸರ್ವಾಧಿಕಾರವನ್ನು ಉರುಳಿಸಿದ 2010ರ ಡಿಸೆಂಬರ್‌ನ ದಂಗೆ ಸಿದಿ ಬೂಜಿದ್‌ನಲ್ಲಿಯೇ ಏಕೆ ಹೊತ್ತಿಕೊಂಡಿತೆಂಬುದು ಆಗ ಅರ್ಥವಾಗತೊಡಗುತ್ತದೆ.

ಆಮೇಲೆ ಕಾನೂನು ಓದಿ. ಅಲ್ಲಿನ 2014ರ ಸಂವಿಧಾನ ಪ್ರದೇಶಗಳ ನಡುವಿನ ಸಮತೋಲನದ ಭರವಸೆ ನೀಡಿ, ಏಳನೆಯ ಅಧ್ಯಾಯವನ್ನು ಸ್ಥಳೀಯ ಆಡಳಿತಕ್ಕೇ ಮೀಸಲಿಟ್ಟಿತು. ಆದರೆ ಆ ಭರವಸೆಯನ್ನು ಜಾರಿಗೆ ತರಬೇಕಾದ ಕಾನೂನಾದ ಸ್ಥಳೀಯ ಸಂಸ್ಥೆಗಳ ಸಂಹಿತೆಗೆ ಸಂಸತ್ತಿನ ಒಪ್ಪಿಗೆ ಸಿಕ್ಕಿದ್ದು 2018ರ ಮೇ 6ರ ಪುರಸಭೆ ಚುನಾವಣೆಗೆ ಕೆಲವೇ ದಿನ ಮೊದಲು.

ಹೆಚ್ಚು ಸಮಯ ಕೊಡಬೇಕಾದದ್ದು ಹಣದ ಲೆಕ್ಕಕ್ಕೆ. ನಿಮ್ಮ ಗ್ರಾಮ ಪಂಚಾಯಿತಿಯ ಕ್ರಿಯಾಯೋಜನೆಯನ್ನು ಪಡೆದು ಓದಿದರೆ, 15ನೇ ಹಣಕಾಸು ಆಯೋಗದ 2021–26ರ ಅನುದಾನದಲ್ಲಿ ಶೇ. 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟುಬಿದ್ದಿರುವುದು, ಸದಸ್ಯರು ತಮ್ಮ ವಿವೇಚನೆಯಿಂದ ಹಂಚಬಹುದಾದದ್ದು ಉಳಿದ ಶೇ. 40 ಮಾತ್ರವೆಂಬುದು ಕಾಣುತ್ತದೆ. ಇದೇ ಪ್ರಶ್ನೆಗಳನ್ನು ಕಸ್ಸರೀನ್‌ಗೂ ಕೇಳಿ: ಅನುದಾನದಲ್ಲಿ ಷರತ್ತಿಲ್ಲದ ಪಾಲೆಷ್ಟು, ಎಂಜಿನಿಯರನ್ನು ನೇಮಿಸುವವರು ಯಾರು, ಬಡತನಕ್ಕೆ ತಕ್ಕಂತೆ ಹೆಚ್ಚುವರಿ ಹಣ ಬರುತ್ತದೆಯೇ? ತೆರಿಗೆ ಕಟ್ಟುವ ಶಕ್ತಿಯೇ ಇಲ್ಲದ ಊರಿಗೆ ತೆರಿಗೆ ಹಾಕುವ ಅಧಿಕಾರವನ್ನಷ್ಟೇ ಕೊಟ್ಟರೆ, ಶ್ರೀಮಂತ ಊರಿಗೂ ಅದಕ್ಕೂ ಇರುವ ಅಂತರ ಇನ್ನಷ್ಟು ಹಿಗ್ಗುತ್ತದೆ. ಇದನ್ನು ಗಮನಿಸದ ಪ್ರಬಂಧ ನನ್ನ ದೃಷ್ಟಿಯಲ್ಲಿ ಅಪೂರ್ಣ.

ಕಡೆಯದಾಗಿ, ಚುನಾಯಿತ ಸಭೆಯನ್ನು ಯಾರು ಇಲ್ಲವಾಗಿಸಬಲ್ಲರು ಎಂಬುದನ್ನು ಪರಿಶೀಲಿಸಿ. ಟ್ಯುನೀಷಿಯಾದ ಅಧ್ಯಕ್ಷ ಕೈಸ್ ಸಯೀದ್ 2023ರ ಮಾರ್ಚ್‌ನಲ್ಲಿ ಸುಗ್ರೀವಾಜ್ಞೆಯ ಮೂಲಕ ಪುರಸಭೆಗಳನ್ನು ವಿಸರ್ಜಿಸಿದರು. ನಮ್ಮ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳನ್ನು ಯಾರೂ ವಿಸರ್ಜಿಸಲಿಲ್ಲ. 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯದೆ ಅವು ಆಡಳಿತಾಧಿಕಾರಿಗಳ ಕೈಯಲ್ಲಿ ಉಳಿದವು. ಪ್ರಬಂಧದಲ್ಲಿ ಎರಡನ್ನೂ ಬೇರೆಬೇರೆಯಾಗಿ ವಿವರಿಸಿ, ಆ ಅವಧಿಯಲ್ಲಿ ಅನುದಾನ ಹಂಚಿದವರು ಯಾರೆಂದು ತಾಲ್ಲೂಕುವಾರು ದಾಖಲಿಸಿ.