ಹದಿಹರೆಯದವರ ಹಲ್ಲಿನ ಕಮಾನು: ಕಚ್ಚಿದ ಬಾಯಿ ನೋಡಿ ಅಗಲ ಹೇಳಬೇಡಿ

ಕಮಾನು ಅಂದರೆ ಹಲ್ಲುಗಳ ಬಿಲ್ಲಿನಾಕಾರದ ಸಾಲು. ಅದರ ಅಗಲ ಅಳೆಯುವ ಮೊದಲು ಕಚ್ಚು, ಅಂದರೆ ಮೇಲಿನ ಮತ್ತು ಕೆಳಗಿನ ಹಲ್ಲುಗಳು ಸೇರುವ ರೀತಿ, ಯಾವ ಬಗೆಯದು ಅಂತ ನೋಡಿ. ಅಮೆರಿಕದ ದಂತವೈದ್ಯ ಎಡ್ವರ್ಡ್ ಆಂಗಲ್ 1899ರಲ್ಲಿ ಮಾಡಿಟ್ಟ ವಿಂಗಡಣೆ ಈಗಲೂ ಚಾಲ್ತಿಯಲ್ಲಿದೆ. ಆರರ ವಯಸ್ಸಿಗೆ ಬರುವ ಮೊದಲ ಕಾಯಂ ದವಡೆಹಲ್ಲನ್ನೇ ಹಿಡಿಯಿರಿ. ಮೇಲಿನದರ ಮುಂದಿನ ಹೊರಮೊನೆ ಕೆಳಗಿನದರ ಹೊರಬದಿಯ ಗೀರಿಗೆ ಸರಿಯಾಗಿ ಕೂತರೆ ಕ್ಲಾಸ್ 1, ಕೆಳಗಿನ ಹಲ್ಲು ಅದಕ್ಕಿಂತ ಹಿಂದಿದ್ದರೆ ಕ್ಲಾಸ್ 2, ಮುಂದಿದ್ದರೆ ಕ್ಲಾಸ್ 3. ಕ್ಲಾಸ್ 2ರಲ್ಲಿ ಮೇಲಿನ ಬಾಚಿಹಲ್ಲುಗಳು ಮುಂದಕ್ಕೆ ಚಾಚಿದ್ದರೆ ಡಿವಿಷನ್ 1, ನಡುವಿನವು ಒಳಕ್ಕೆ ವಾಲಿದ್ದರೆ ಡಿವಿಷನ್ 2.

ಇನ್ನು ಅಳತೆ. ಪ್ಲಾಸ್ಟರ್ ಮಾದರಿಯೋ ಸ್ಕ್ಯಾನೋ, ಯಾವುದಾದರೂ ಸರಿ. ಒಂದು ಕೋರೆಹಲ್ಲಿನ ತುದಿಯಿಂದ ಇನ್ನೊಂದರ ತುದಿಗೆ, ಹಾಗೇ ಎರಡೂ ಕಡೆಯ ಮೊದಲ ದವಡೆಹಲ್ಲಿನ ಒಂದೇ ಮೊನೆಯಿಂದ ಮೊನೆಗೆ ಅಳೆಯಿರಿ. ಒಬ್ಬರಿಗೆ ಮೊನೆ, ಇನ್ನೊಬ್ಬರಿಗೆ ನಡುವಿನ ಗುಳಿ ಹಿಡಿದರೆ ಹೋಲಿಕೆ ಸುಮ್ನೆ ದಂಡ. ತುದಿ ಸವೆದಿದ್ದರೆ ಸವೆದ ಜಾಗದ ನಡುಮಧ್ಯ ತಗೊಳ್ಳಿ.

ಈಗ ಮುಖ್ಯವಾದದ್ದು. ಡಬ್ಬಿಯ ಮುಚ್ಚಳದ ಹಾಗೆ ಮೇಲಿನ ಸಾಲು ಕೆಳಗಿನದನ್ನು ಹೊರಗಿನಿಂದ ಸುತ್ತುವರಿದಿರಬೇಕು. ಕ್ಲಾಸ್ 2 ಡಿವಿಷನ್ 1ರಲ್ಲಿ ಮೇಲಿನ ಕಮಾನು ಹಲವರಲ್ಲಿ ಕಿರಿದಾಗಿ, ಮುಂದೆ ಚೂಪಾಗಿರುತ್ತದೆ. ಆದರೆ ಬಾಯಿ ಕಚ್ಚಿದಾಗ ಅಡ್ಡಕಚ್ಚು (ಮೇಲಿನ ಹಲ್ಲು ಕೆಳಗಿನದರ ಒಳಬದಿಗೆ ಕೂರುವುದು) ಕಾಣುವುದೇ ಇಲ್ಲ, ಯಾಕಂದ್ರೆ ಕೆಳದವಡೆ ಹಿಂದೆ ಉಳಿದಿರುವುದರಿಂದ ಮೇಲಿನ ದವಡೆಹಲ್ಲಿಗೆ ಎದುರಾಗುವುದು ಕೆಳಕಮಾನಿನ ಇನ್ನೂ ಕಿರಿದಾದ ಭಾಗ, ಹಾಗಾಗಿ ಎರಡೂ ಹೊಂದಿದಂತೆ ಕಾಣುತ್ತವೆ. ಕೆಳಗಿನ ಮಾದರಿಯನ್ನು ಕ್ಲಾಸ್ 1ರ ಜಾಗಕ್ಕೆ ಮುಂದೆ ಸರಿಸಿ ನೋಡಿ, ಕೊರತೆ ಆಗ ಬಯಲಾಗುತ್ತದೆ. ಕ್ಲಾಸ್ 3ರಲ್ಲಿ ಉಲ್ಟಾ: ಹಿಂದಕ್ಕೆ ಸರಿಸಿದಾಗ ಅಡ್ಡಕಚ್ಚು ಮಾಯವಾದರೆ ಅದು ದವಡೆಯ ಜಾಗದಿಂದ ಬಂದದ್ದು, ಉಳಿದರೆ ಮೇಲಿನ ಕಮಾನು ನಿಜವಾಗಿಯೂ ಕಿರಿದು. ಇಷ್ಟು ಮಾಡದೆ ಅಗಲದ ಬಗ್ಗೆ ಮಾತಾಡುವುದು ಊಹೆ ಅಷ್ಟೇ.

ಡಿವಿಷನ್ 2ರ ಕಮಾನು ಸಾಮಾನ್ಯವಾಗಿ ಅಗಲ, ಮುಂದೆ ಚಪ್ಪಟೆ, ಕಚ್ಚು ಆಳ (ಮೇಲಿನ ಬಾಚಿಹಲ್ಲು ಕೆಳಗಿನದನ್ನು ಹೆಚ್ಚು ಮುಚ್ಚುತ್ತದೆ). ಕ್ಲಾಸ್ 1ರಲ್ಲಿ ತೊಂದರೆ ಜಾಸ್ತಿ ಇರುವುದು ಜಾಗದ್ದು, ಹಲ್ಲು ಒತ್ತೊತ್ತಾಗಿರುವುದು ಅಥವಾ ಸಂದು ಬಿಟ್ಟಿರುವುದು.

ಹಲ್ಲಿನ ವಾಲಿಕೆಯನ್ನೂ ಬರೆದಿಟ್ಟುಕೊಳ್ಳಿ. ಕ್ಲಾಸ್ 3ರಲ್ಲಿ ಮೇಲಿನ ದವಡೆಹಲ್ಲುಗಳು ಹೊರಕ್ಕೆ ವಾಲಿ ಮೂಳೆಯ ಕಿರಿದುತನವನ್ನು ಮುಚ್ಚಿಡುತ್ತವೆ, ಅಗಲ ಅಳೆಯುವ ಕ್ಯಾಲಿಪರ್‌ಗೆ ಅದು ಗೊತ್ತಾಗಲ್ಲ. ಹುಡುಗರ ಕಮಾನು ಸರಾಸರಿಯಲ್ಲಿ ಹುಡುಗಿಯರದ್ದಕ್ಕಿಂತ ಸ್ವಲ್ಪ ಅಗಲ, ಆದ್ದರಿಂದ ಇಬ್ಬರನ್ನೂ ಒಂದೇ ಅಂಕಿಗೆ ಹೋಲಿಸಬೇಡಿ.

ವಯಸ್ಸೂ ಲೆಕ್ಕಕ್ಕೆ ಬರುತ್ತದೆ. ಅಂಗುಳಿನ ನಡುವಿನ ಹೊಲಿಗೆ, ಅಂದರೆ ಎರಡು ಕಡೆಯ ಮೂಳೆ ಸೇರುವ ಗೆರೆ, ಹದಿಹರೆಯ ದಾಟುತ್ತಾ ಬಿಗಿಯಾಗುತ್ತದೆ, ಮೇಲಿನ ದವಡೆ ಹಿಗ್ಗಿಸುವುದಾದರೆ ಬೇಗ ಆದಷ್ಟೂ ಸುಲಭ. ಕೆಳಗಿನ ಕೋರೆಹಲ್ಲುಗಳ ನಡುವಿನ ಅಗಲವಂತೂ ಆ ಹಲ್ಲು ಬಂದ ಮೇಲೆ ಹೆಚ್ಚು ಬೆಳೆಯುವುದಿಲ್ಲ, ಹಿಗ್ಗಿಸಿದರೂ ಮತ್ತೆ ಕಿರಿದಾಗುತ್ತದೆ. ಅಲ್ಲಿ ಹಿಗ್ಗಿಸೋಣ ಅಂತ ಯಾರಾದರೂ ಹೇಳಿದರೆ, ಆಮೇಲೆ ಹಿಡಿದಿಡುವುದು ಹೇಗೆ ಅಂತ ಮೊದಲೇ ಕೇಳಿ.