ಹಳೆ 300ಎಸ್‌ಗೆ ಯಾವ ಪೆಲೆಟ್, ಎಷ್ಟು ಎಣ್ಣೆ

ಹಳೆ ಟಾರ್ಗೆಟ್ ಏರ್ ರೈಫಲ್ ಕೈಗೆ ಬಂದ ಕೂಡಲೇ ಬಹಳ ಜನ ಎಣ್ಣೆ ಡಬ್ಬಿ ಹುಡುಕುತ್ತಾರೆ. ದಯವಿಟ್ಟು ಬೇಡ. ಮೊದಲು ಪೆಲೆಟ್ (ಸೀಸದ ಚಿಕ್ಕ ಗುಂಡು) ನೋಡಿ, ಆಮೇಲೆ ಸ್ಕ್ರೂ, ಆಮೇಲೆ ಸೀಲ್. ಎಣ್ಣೆಯ ಸರದಿ ಕೊನೆಗೆ, ಅದೂ ಒಂದೆರಡು ಹನಿ.

ನನ್ನ ಹತ್ತಿರ ಇರುವುದು ಫೈನ್‌ವೆರ್ಕ್‌ಬೌ 300ಎಸ್. ನಾನಿರುವುದು ಸ್ಟುಟ್‌ಗಾರ್ಟ್‌ನಲ್ಲಿ. ಇಲ್ಲಿಂದ ದಕ್ಷಿಣಕ್ಕೆ ಹೋದರೆ ನೆಕ್ಕಾರ್ ನದಿಯ ದಡದಲ್ಲಿ ಓಬರ್ನ್‌ಡಾರ್ಫ್ ಅಂತ ಊರಿದೆ. ಮೌಸರ್ ಬಂದೂಕು ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದ ವೆಸ್ಟಿಂಗರ್, ಆಲ್ಟೆನ್‌ಬರ್ಗರ್ ಎಂಬ ಇಬ್ಬರು ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲಿ ಕಟ್ಟಿದ ಕಂಪನಿಯೇ ಫೈನ್‌ವೆರ್ಕ್‌ಬೌ. ಈಗ ಸ್ಪರ್ಧೆಗೆ ಹೋಗುವವರೆಲ್ಲ ಸಿಲಿಂಡರ್ ಗಾಳಿಯ ರೈಫಲ್ ಹಿಡಿಯುತ್ತಾರೆ. ಹಾಗಾಗಿ ಸ್ಪ್ರಿಂಗ್‌ನ ಹಳೆ ರೈಫಲ್‌ಗಳು ಕ್ಲಬ್ಬುಗಳ ಕಪಾಟಿನಿಂದ ಹೊರಗೆ ಬರುತ್ತಿವೆ. ನಮ್ಮಂಥವರಿಗೆ ಒಳ್ಳೆಯದೇ ಆಯಿತು.

ಸುಮಾರು 5 ಕೆಜಿ ತೂಕ. ಬಲಗಡೆ ಲಿವರ್. ಅದನ್ನು ಹಿಂದಕ್ಕೆ ಎಳೆದರೆ ಸ್ಪ್ರಿಂಗ್ ಬಿಗಿಯಾಗುತ್ತದೆ, ಬ್ಯಾರಲ್‌ನ ಹಿಂಬದಿ ತೆರೆದುಕೊಳ್ಳುತ್ತದೆ. ಟ್ರಿಗರ್ ಒತ್ತಿದಾಗ ಬ್ಯಾರಲ್ ಸಮೇತ ಇಡೀ ಲೋಹದ ಭಾಗ ಕಟ್ಟಿಗೆಯ ಸ್ಟಾಕ್ ಮೇಲೆ ಹಳಿಯಲ್ಲಿ ಜಾರಿ ಸ್ವಲ್ಪ ಹಿಂದೆ ಬರುತ್ತದೆ. ಅದಕ್ಕೇ ಭುಜಕ್ಕೆ ಹೊಡೆತವೇ ಗೊತ್ತಾಗುವುದಿಲ್ಲ. ಆದರೆ ಗುರಿ ನೋಡುವ ಹಿಂಬದಿಯ ಸೈಟ್ ಕೂಡ ಜೊತೆಗೇ ಹಿಂದೆ ಬರುತ್ತದೆ. ಕಣ್ಣನ್ನು ಅದಕ್ಕೆ ಅಂಟಿಸಿಕೊಂಡು ಕೂರಬೇಡಿ.

ಇನ್ನು ಪೆಲೆಟ್. 10 ಮೀಟರ್ ಕಾಗದದ ಗುರಿಗೆ 4.5 ಮಿಮೀ ಚಪ್ಪಟೆ ತಲೆಯ ಸೀಸದ ಪೆಲೆಟ್ಟೇ ಬೇಕು. ದುಂಡು ತಲೆಯದು, ಚೂಪು ತಲೆಯದು ಕಾಗದವನ್ನು ಹರಿಯುತ್ತವೆ. ಚಪ್ಪಟೆ ತಲೆಯದು ಗುಂಡಗೆ ಕತ್ತರಿಸುತ್ತದೆ, ಅಂಕ ಓದುವುದು ಸುಲಭ. ಸ್ಟೀಲ್ ಬಿಬಿ ಗುಂಡುಗಳನ್ನಂತೂ ಈ ಬ್ಯಾರಲ್ ಹತ್ತಿರ ತರಲೇಬೇಡಿ, ಒಳಗಿನ ಸುರುಳಿ ಗೀರುಗಳು (ರೈಫ್ಲಿಂಗ್) ಹಾಳಾಗುತ್ತವೆ.

ತೂಕದ ಲೆಕ್ಕ ಹೀಗೆ. ಆರ್‌ಡಬ್ಲ್ಯೂಎಸ್ ಆರ್10 ಎರಡು ತೂಕದಲ್ಲಿ ಬರುತ್ತದೆ: ರೈಫಲ್‌ಗೆ 0.53 ಗ್ರಾಂ, ಪಿಸ್ತೂಲಿಗೆ 0.45 ಗ್ರಾಂ. ಡಬ್ಬಿ ಮೇಲೆ ಪಿಸ್ತೂಲ್ ಅಂತ ಇದೆ ಎಂದು ಹಗುರದ್ದನ್ನು ತಳ್ಳಿಹಾಕಬೇಡಿ. ಸ್ಪ್ರಿಂಗ್‌ಗೆ ವಯಸ್ಸಾಗಿದ್ದರೆ ಕೆಲವೊಮ್ಮೆ ಅದೇ ಚೆನ್ನಾಗಿ ಕೂರುತ್ತದೆ. ಇದರ ಜೊತೆ ಎಚ್ ಅಂಡ್ ಎನ್ ಫಿನಾಲೆ ಮ್ಯಾಚ್, ಜೆಎಸ್‌ಬಿ ಮ್ಯಾಚ್, ಅಗ್ಗದಲ್ಲಿ ಮೈಸ್ಟರ್‌ಕೂಗೆಲ್ನ್ ತಂದುಕೊಂಡರೆ ಪರೀಕ್ಷೆಗೆ ಸಾಕು. ದುಬಾರಿಯದ್ದೇ ಗೆಲ್ಲುತ್ತದೆ ಅಂತೇನೂ ಇಲ್ಲ.

ತೂಕಕ್ಕಿಂತ ಜಾಸ್ತಿ ಗಮನ ಕೊಡಬೇಕಾದ್ದು ತಲೆಯ ಅಳತೆಗೆ. ಒಳ್ಳೆ ಪೆಲೆಟ್ ಡಬ್ಬಿಗಳ ಮೇಲೆ 4.49, 4.50, 4.51 ಅಂತ ಬರೆದಿರುತ್ತಾರೆ. ನೂರನೇ ಒಂದು ಮಿಮೀ ವ್ಯತ್ಯಾಸ ಏನು ಮಹಾ ಅನಿಸುತ್ತದೆ, ಅಲ್ವಾ? ಹೆಬ್ಬೆರಳಿಗೆ ಗೊತ್ತಾಗುತ್ತದೆ. ಪೆಲೆಟ್ಟನ್ನು ಬ್ಯಾರಲ್ ಬಾಯಿಗಿಟ್ಟು ನಿಧಾನ ಒತ್ತಿ. ತಾನಾಗಿ ಒಳಗೆ ಬಿದ್ದರೆ ಸಡಿಲ. ಒತ್ತಿ ಒತ್ತಿ ಉಗುರು ನೋಯುತ್ತಿದ್ದರೆ, ಅಥವಾ ಹಿಂದಿನ ಲಂಗದಂಥ ಅಂಚು ಮಡಚಿಕೊಂಡರೆ, ಬಿಗಿ. ಒಂದೇ ಹದದ ಒತ್ತಡಕ್ಕೆ ಪ್ರತಿಸಲ ಅಂಚು ಬ್ಯಾರಲ್ ಮಟ್ಟಕ್ಕೆ ಬಂದು ನಿಂತರೆ ಅದು ನಿಮ್ಮ ಅಳತೆ. ಒತ್ತುವಾಗ ಇನ್ನೊಂದು ಕೈ ಲಿವರ್ ಮೇಲೆ ಗಟ್ಟಿಯಾಗಿ ಇರಲೇಬೇಕು. ಒಳಗೆ ಸುರಕ್ಷತೆಯ ಹಲ್ಲು ಇದೆ ನಿಜ. ಅದನ್ನು ನಂಬಿ ಬೆರಳು ಒಡ್ಡಬೇಡಿ.

ಊರ ಜಾತ್ರೆಯಲ್ಲಿ ಬಲೂನ್ ಹೊಡೆಯುವ ಅಂಗಡಿಯವನು ಪೆಲೆಟ್ಟುಗಳನ್ನು ಸುಮ್ನೆ ಜೇಬಿಗೆ ಸುರಿದುಕೊಂಡಿರುತ್ತಾನಲ್ಲ, ಬಲೂನಿಗೆ ಅದು ನಡೆಯುತ್ತದೆ. ಇಲ್ಲಿ ನಡೆಯುವುದಿಲ್ಲ. ಸೀಸ ಮೆತ್ತಗಿನದು, ಒಂದಕ್ಕೊಂದು ತಾಗಿದರೂ ಅಂಚು ಸೊಟ್ಟಗಾಗುತ್ತದೆ. ಡಬ್ಬಿ ಅಲ್ಲಾಡಿಸಬೇಡಿ, ಕೆಳಗೆ ಬಿದ್ದದ್ದನ್ನು ಮತ್ತೆ ಬಳಸಬೇಡಿ. ಬಿಳಿ ಪುಡಿ ಹಿಡಿದ ಹಳೆ ಡಬ್ಬಿಯನ್ನು ರೈಫಲ್ ಜೊತೆ ಉಚಿತ ಅಂತ ಕೊಟ್ಟರೂ ಬೇಡ ಅನ್ನಿ.

ಪರೀಕ್ಷೆಗೆ ಮೇಜಿನ ಮೇಲೆ ಮೆತ್ತನೆ ಮರಳಿನ ಚೀಲ ಇಟ್ಟು ಅದರ ಮೇಲೆ ಸ್ಟಾಕ್ ಇಡಿ. ಬ್ಯಾರಲ್ ಏನಕ್ಕೂ ತಾಗಬಾರದು. ಪೆಲೆಟ್ ಬದಲಿಸಿದಾಗ ಮೊದಲ ಹತ್ತು ಗುಂಡು ಲೆಕ್ಕಕ್ಕಿಲ್ಲ, ಬ್ಯಾರಲ್ ಹೊಸ ಸೀಸಕ್ಕೆ ಒಗ್ಗಲಿ. ಆಮೇಲೆ ಐದೈದು ಗುಂಡಿನ ಗ್ರೂಪ್‌ಗಳು, ಅಂದರೆ ಒಂದೇ ಗುರಿಗೆ ಹೊಡೆದ ಐದು ತೂತುಗಳ ಗುಂಪು. ಒಂದು ಒಳ್ಳೆ ಗ್ರೂಪ್ ನೋಡಿ ಹಿಗ್ಗಬೇಡಿ, ಅದು ಅದೃಷ್ಟವೂ ಆಗಿರಬಹುದು. ಒಂದೇ ಪೆಲೆಟ್ಟಿನ ಐದಾರು ಗ್ರೂಪ್ ಪಕ್ಕಪಕ್ಕ ಇಟ್ಟು, ಅದರಲ್ಲಿ ಕೆಟ್ಟದ್ದು ಎಷ್ಟು ಕೆಟ್ಟದಾಗಿದೆ ಅಂತ ನೋಡಿ. ನಾನು ಪೆಲೆಟ್ ಆರಿಸುವುದು ಆ ಕೆಟ್ಟ ಗ್ರೂಪ್ ನೋಡಿಯೇ.

ಎಷ್ಟು ಸಣ್ಣ ಗ್ರೂಪ್ ಬೇಕು? 10 ಮೀಟರ್ ರೈಫಲ್ ಗುರಿಯಲ್ಲಿ ಹತ್ತರ ಚುಕ್ಕಿ ಬರೀ 0.5 ಮಿಮೀ. ಆದರೆ ತೂತಿನ ಅಂಚು ಚುಕ್ಕಿಗೆ ತಾಗಿದರೆ ಸಾಕು. ಅಂದರೆ 4.5 ಮಿಮೀ ಪೆಲೆಟ್ಟಿನ ನಡುಮಧ್ಯ ಗುರಿಯ ಮಧ್ಯದಿಂದ 2.5 ಮಿಮೀ ಒಳಗಿದ್ದರೆ ಹತ್ತು. ಗ್ರೂಪಿನ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು 4.5 ಕಳೆಯಿರಿ. ಉಳಿದದ್ದು 5 ಮಿಮೀ ದಾಟಿದರೆ, ನಿಮ್ಮ ಕೈ ಎಷ್ಟೇ ಸ್ಥಿರವಾಗಿದ್ದರೂ ಎಲ್ಲವೂ ಹತ್ತಾಗುವುದಿಲ್ಲ. ಚೆನ್ನಾಗಿರುವ 300ಎಸ್‌ಗೆ ಹೊಂದುವ ಪೆಲೆಟ್ ಸಿಕ್ಕರೆ ಗ್ರೂಪ್ ಇದಕ್ಕಿಂತ ಎಷ್ಟೋ ಚಿಕ್ಕದಾಗಿ ಬರುತ್ತದೆ, ಐದು ಗುಂಡಿಗೆ ಒಂದೇ ಹರಿದ ತೂತು.

ಯಾವ ಪೆಲೆಟ್ ಹಾಕಿದರೂ ಗ್ರೂಪ್ ಚೆದುರುತ್ತಿದ್ದರೆ ಮೊದಲು ಸ್ಟಾಕ್ ಸ್ಕ್ರೂ, ಸೈಟ್ ಸ್ಕ್ರೂ ನೋಡಿ. ಬಹಳ ಸಲ ರೋಗ ಅಲ್ಲೇ ಇರುತ್ತದೆ. ಸರಿಯಾದ ಅಗಲದ ಸ್ಕ್ರೂಡ್ರೈವರ್ ಬಳಸಿ, ಇಲ್ಲದಿದ್ದರೆ ಸ್ಕ್ರೂ ತಲೆ ಕಿತ್ತುಬರುತ್ತದೆ.

ಆಮೇಲೆ ಬ್ರೀಚ್ ಸೀಲ್, ಅಂದರೆ ಬ್ಯಾರಲ್ ಹಿಂಬದಿಯಲ್ಲಿ ಗಾಳಿ ಸೋರದಂತೆ ತಡೆಯುವ ಸೀಲ್. ಪೆಲೆಟ್ ತುಂಬಿ ಲಿವರ್ ಮುಚ್ಚಿ. ಟಿಶ್ಯೂ ಕಾಗದದ ಒಂದು ಪದರ ಬಿಡಿಸಿ, ಸಣ್ಣ ಪಟ್ಟಿ ಹರಿದು, ಬ್ಯಾರಲ್ ಮತ್ತು ಸಿಲಿಂಡರ್ ಸೇರುವ ಗೆರೆಯ ಮೇಲೆ ಇಡಿ. ಗುರಿಯ ಕಡೆಗೇ ಹೊಡೆಯಿರಿ. ಪಟ್ಟಿ ಹಾರಿಹೋದರೆ ಗಾಳಿ ಸೋರುತ್ತಿದೆ. ಈ ಸೀಲ್ ಒಂದು ಸಣ್ಣ ಉಂಗುರ, ಬದಲಿಸುವುದು ಕಷ್ಟವಲ್ಲ. ಕ್ಲಬ್ಬಿನಲ್ಲಿ ಯಾರದಾದರೂ ಗುಂಡಿನ ವೇಗ ಅಳೆಯುವ ಕ್ರೊನೊಗ್ರಾಫ್ ಇದ್ದರೆ ವೇಗವನ್ನೂ ನೋಡಿ. ಪಂಚಕೋನದೊಳಗೆ ಎಫ್ ಮುದ್ರೆ ಇರುವ ಜರ್ಮನ್ ರೈಫಲ್‌ನಲ್ಲಿ ಗುಂಡಿನ ಶಕ್ತಿಗೆ 7.5 ಜೂಲ್ ಮಿತಿ. 0.53 ಗ್ರಾಂ ಪೆಲೆಟ್ಟಿಗೆ ಅದು ಸೆಕೆಂಡಿಗೆ ಸುಮಾರು 168 ಮೀಟರ್. ಎಷ್ಟು ವೇಗ ಅನ್ನುವುದಕ್ಕಿಂತ ಪ್ರತಿಸಲ ಒಂದೇ ವೇಗ ಬರುತ್ತದಾ ಅನ್ನುವುದೇ ಇಲ್ಲಿ ಮುಖ್ಯ.

ಈಗ ಎಣ್ಣೆ. 300ಎಸ್‌ನ ಪಿಸ್ಟನ್‌ಗೆ ಕಾರ್ ಇಂಜಿನ್‌ನಲ್ಲಿ ಇರುವಂಥ ಲೋಹದ ರಿಂಗ್ ಇದೆ, ಚರ್ಮದ ಸೀಲ್ ಅಲ್ಲ. ಚರ್ಮಕ್ಕೆ ಎಣ್ಣೆ ಬೇಕು, ಇದಕ್ಕೆ ಬೇಡ. ಗಾಳಿ ಒತ್ತುವ ಕೊಠಡಿಗೆ ಸ್ಪ್ರೇ ಹೊಡೆದರೆ ಎಣ್ಣೆ ಬಿಸಿಗೆ ಹೊತ್ತಿಕೊಂಡು ಢಂ ಅನ್ನುತ್ತದೆ, ಹೊಗೆ ಬರುತ್ತದೆ, ವೇಗ ಹುಚ್ಚಾಪಟ್ಟೆ ಏರಿಳಿಯುತ್ತದೆ. ಲಿವರ್‌ನ ಕೀಲಿಗೆ ಒಂದು ಹನಿ, ಜಾರುವ ಹಳಿಗೆ ತೆಳ್ಳಗೆ ಗ್ರೀಸ್, ಅಷ್ಟೇ. ಹೊರಗಿನ ಲೋಹವನ್ನು ಬ್ಯಾಲಿಸ್ಟಾಲ್ ಎಣ್ಣೆ ಹಚ್ಚಿದ ಬಟ್ಟೆಯಿಂದ ಒರೆಸಿ. ಬೆವರು ಕೈಯವರು ಪ್ರತಿಸಲ ಒರೆಸಬೇಕು.

ಡಯಾನಾ 75ರಂಥ ಬೇರೆ ಹಳೆ ಟಾರ್ಗೆಟ್ ರೈಫಲ್‌ಗಳ ಕಥೆ ಬೇರೆ. ಅವುಗಳ ಪ್ಲಾಸ್ಟಿಕ್ ಸೀಲ್ ವಯಸ್ಸಾದಂತೆ ಪುಡಿಯಾಗುತ್ತದೆ. ಬ್ಯಾರಲ್‌ನಿಂದ ಕಂದು ಚೂರು ಬಂದರೆ ಅಲ್ಲಿಗೇ ನಿಲ್ಲಿಸಿ. ಸ್ಪ್ರಿಂಗ್ ಬಿಚ್ಚುವ ಕೆಲಸ ಅಡುಗೆಮನೆ ಮೇಜಿನ ಮೇಲೆ ಮಾಡುವಂಥದ್ದಲ್ಲ, ಬಂದೂಕು ರಿಪೇರಿಯವರಿಗೇ ಕೊಡಿ.

ಬ್ಯಾರಲ್ ಒಳಗೆ ಸುಮ್ಮನೆ ಉಜ್ಜಬೇಡಿ. ಈ ವೇಗಕ್ಕೆ ಸೀಸ ಬೇಗ ಕೂರುವುದಿಲ್ಲ. ಗ್ರೂಪ್ ಹಿಗ್ಗಲು ಶುರುವಾದಾಗ ಮೀನಿನ ನೈಲಾನ್ ದಾರದಲ್ಲಿ ಬಟ್ಟೆ ತುಂಡು ಕಟ್ಟಿ ಹಿಂದಿನಿಂದ ಮುಂದಕ್ಕೆ ಎಳೆಯಿರಿ. ಆಗ ಲಿವರ್ ಹಿಡಿಯಲು ಇನ್ನೊಬ್ಬರು ಬೇಕು. ಹಿತ್ತಾಳೆ ಬ್ರಷ್ ಬೇಡ. ಪೆಲೆಟ್ ಇಲ್ಲದೆ ಟ್ರಿಗರ್ ಒತ್ತಬೇಡಿ. ಎದುರು ತಡೆಯುವ ಗಾಳಿ ಇಲ್ಲದೆ ಪಿಸ್ಟನ್ ನೇರ ಹೋಗಿ ಬಡಿಯುತ್ತದೆ. ಸ್ಪ್ರಿಂಗ್ ಬಿಗಿಯಾಗಿರುವಾಗ ಎತ್ತಿಡಲೂಬೇಡಿ.

ಶೂಟಿಂಗ್ ಆದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಪೆಲೆಟ್ ಮುಟ್ಟಿದ ಕೈಯಲ್ಲಿ ತಿಂಡಿ ಬೇಡ. ಮಕ್ಕಳಿರುವ ಮನೆಯಲ್ಲಿ ಡಬ್ಬಿಗೂ ಬೀಗ ಇರಲಿ. ಇನ್ನೊಂದು: ನಿಮ್ಮ ರೈಫಲ್‌ಗೆ ಹೊಂದಿದ ಪೆಲೆಟ್ ಸಿಕ್ಕಿದ ದಿನವೇ ಡಬ್ಬಿಯ ಮೇಲಿನ ಲಾಟ್ ನಂಬರ್ (ಯಾವ ಕಂತಿನಲ್ಲಿ ತಯಾರಾದದ್ದು ಅನ್ನುವ ಸಂಖ್ಯೆ) ಬರೆದುಕೊಳ್ಳಿ. ಅಂಗಡಿಯಲ್ಲಿ ಅದೇ ಲಾಟ್ ಇನ್ನೂ ಇದ್ದರೆ ಕೈಲಾದಷ್ಟು ಡಬ್ಬಿ ತಂದಿಟ್ಟುಕೊಳ್ಳಿ. ಅದೇ ಹೆಸರಿನ ಮುಂದಿನ ಲಾಟ್ ಬಂದಾಗ ಪರೀಕ್ಷೆ ಮತ್ತೆ ಮೊದಲಿಂದ.