ಅಕೌಂಟ್ ತೆರೆಯುವಾಗ ಮಗುವಿನ ನಿಜವಾದ ಹುಟ್ಟಿದ ತಾರೀಖನ್ನೇ ಹಾಕಿ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಸಣ್ಣ ಮೊಬೈಲ್ ಅಂಗಡಿ. ಫೋನ್ ಕೊಂಡವರು ಹೊರಡುವ ಮುಂಚೆ ಒಂದು ಮಾತು ಹೇಳಿಯೇ ಹೇಳುತ್ತಾರೆ: "ಅಣ್ಣಾ, ಹುಡುಗಗ ಇನ್‌ಸ್ಟಾ ಹಾಕಿ ಕೊಡ್ರಿ. ವಯಸ್ಸು ಏನರ ಹಾಕ್ರಿ, ನಡೀತದ."

ನಡೆಯುತ್ತದೆ, ಸುಳ್ಳಲ್ಲ. ತೊಂದರೆ ಇರುವುದೇ ಅಲ್ಲಿ. ಇನ್‌ಸ್ಟಾಗ್ರಾಂ, ಫೇಸ್‌ಬುಕ್, ಸ್ನ್ಯಾಪ್‌ಚಾಟ್ ಎಲ್ಲಕ್ಕೂ ಕನಿಷ್ಠ 13 ವರ್ಷ ಆಗಿರಬೇಕು. 11ರ ಹುಡುಗನಿಗೆ 2000ನೇ ಇಸವಿ ಹಾಕಿದರೆ ಆ್ಯಪ್ ಅವನನ್ನು ದೊಡ್ಡವನು ಅಂತಲೇ ನಂಬುತ್ತದೆ. ಮಕ್ಕಳಿಗೆಂದು ಇಟ್ಟ ಕಾವಲು ಒಂದೂ ಅವನಿಗೆ ಸಿಗುವುದಿಲ್ಲ.

13 ತುಂಬಿಲ್ಲವೇ? ಇನ್‌ಸ್ಟಾ ಬೇಡ, ಅಷ್ಟೇ. ಬದಲಿಗೆ ಮಗುವಿನ ಫೋನಿನ ಮೇಲೆ ಕಣ್ಣಿಡುವ ಗೂಗಲ್‌ನ ಫ್ಯಾಮಿಲಿ ಲಿಂಕ್ ಆ್ಯಪ್ ನಿಮ್ಮ ಫೋನಿಗೆ ಹಾಕಿಕೊಳ್ಳಿ. ಅದರಲ್ಲಿ ಮಗುವಿನ ಹೆಸರಿನಲ್ಲಿ ಜಿಮೇಲ್ ಮಾಡಿ, ಆ ಜಿಮೇಲ್‌ನಿಂದಲೇ ಮಗುವಿನ ಫೋನ್ ತೆರೆಯಿರಿ. ಪ್ಲೇ ಸ್ಟೋರ್‌ನಿಂದ ಹೊಸ ಆ್ಯಪ್ ಇಳಿಸಬೇಕೆಂದರೆ ನಿಮ್ಮ ಅನುಮತಿ ಕೇಳುವ ಹಾಗೆ ಮಾಡಬಹುದು. ಜೇವರ್ಗಿ, ಚಿತ್ತಾಪುರ ಕಡೆಯ ಎಷ್ಟೋ ಮನೆಗಳಲ್ಲಿ ಅಪ್ಪ ಪುಣೆಗೋ ಮುಂಬೈಗೋ ದುಡಿಯಲು ಹೋಗಿರುತ್ತಾನೆ, ಮಗು ಅಜ್ಜಿ ಹತ್ತಿರ. ಅಪ್ಪ ಅಲ್ಲಿಂದಲೇ ರಾತ್ರಿ ಫೋನ್ ಲಾಕ್ ಮಾಡಬಹುದು. ಒಂದೇ ಎಚ್ಚರ: ಅಪ್ಪನ ಹಳೇ ಜಿಮೇಲ್ ಮಗುವಿನ ಫೋನಿನಲ್ಲಿ ಉಳಿದಿರಬಾರದು. ಉಳಿದರೆ ಹುಡುಗ ಅದರಿಂದಲೇ ಆ್ಯಪ್ ಇಳಿಸಿಕೊಳ್ಳುತ್ತಾನೆ. ಈಗಿನ ಮಕ್ಕಳು ಭಾರಿ ಚುರುಕು, ಅಲ್ವಾ!

13 ದಾಟಿದವರಿಗೆ ಸರಿಯಾದ ತಾರೀಖು ಹಾಕಿದರೆ ಇನ್‌ಸ್ಟಾದಲ್ಲಿ ಟೀನ್ ಅಕೌಂಟ್, ಅಂದರೆ 18 ತುಂಬದವರಿಗೆಂದೇ ಇರುವ ಅಕೌಂಟ್ ಆಗುತ್ತದೆ. ಅಕೌಂಟ್ ತಾನಾಗಿಯೇ ಪ್ರೈವೇಟ್, ಮಗು ಒಪ್ಪಿದವರಿಗಷ್ಟೇ ಕಾಣುತ್ತದೆ. ಗುರುತಿಲ್ಲದವರ ಮೆಸೇಜ್ ಬರುವುದಿಲ್ಲ. ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ನೋಟಿಫಿಕೇಶನ್ ಸದ್ದಿಲ್ಲ. 16 ತುಂಬದವರು ಇವನ್ನು ಸಡಿಲ ಮಾಡಬೇಕೆಂದರೆ ಅಪ್ಪ ಅಮ್ಮ ಒಪ್ಪಬೇಕು.

ಇನ್ನು ತಾರೀಖಿನ ವಿಷಯ. ನಮ್ಮ ಕಡೆ ಅರ್ಧ ಊರು ಜೂನ್ 1ಕ್ಕೇ ಹುಟ್ಟಿದೆ! ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡದ್ದು. ಶಾಲೆಯ ದಾಖಲೆಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಇದ್ದರೆ, ಗುರುತಿನ ಚೀಟಿಯಾಗಿ ಯಾವುದನ್ನು ತೋರಿಸುತ್ತೀರೋ ಅದರಲ್ಲಿರುವುದನ್ನೇ ಹಾಕಿ. ಆಮೇಲೆ ವಯಸ್ಸನ್ನು 18ಕ್ಕಿಂತ ಮೇಲೆ ತಿದ್ದಲು ಹೋದರೆ ಇನ್‌ಸ್ಟಾ ಗುರುತಿನ ಚೀಟಿಯನ್ನೋ ಸೆಲ್ಫಿ ವಿಡಿಯೋವನ್ನೋ ಕೇಳುತ್ತದೆ. ಅದನ್ನು ಆ್ಯಪ್ ಒಳಗೇ ಕೊಡಿ. "ವಯಸ್ಸು ಖಾತ್ರಿ ಮಾಡಿ" ಅಂತ ವಾಟ್ಸಾಪ್‌ಗೆ ಲಿಂಕ್ ಬಂದರೆ ಮುಟ್ಟಬೇಡಿ.

"ನಮ್ಮ ದೇಶದಾಗ ಕಾನೂನು ಇಲ್ಲೇನ್ರಿ?" ಅಂತ ಕೇಳುತ್ತಾರೆ. ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ (ಮಾಹಿತಿ) ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿ ಬಳಸಲು ಕಂಪನಿ ಅಪ್ಪ ಅಮ್ಮನ ಒಪ್ಪಿಗೆ ಪಡೆಯಬೇಕು. ತಪ್ಪಿದರೆ 200 ಕೋಟಿ ರೂಪಾಯಿವರೆಗೆ ದಂಡ. ನಿಯಮಗಳು ಬಂದದ್ದು 2025ರ ನವೆಂಬರಿನಲ್ಲಿ, ಕಂಪನಿಗಳಿಗೆ ತಯಾರಾಗಲು ಸಮಯವನ್ನೂ ಕೊಟ್ಟಿದ್ದಾರೆ. ಆಸ್ಟ್ರೇಲಿಯಾ ಅದೇ ವರ್ಷ ಡಿಸೆಂಬರ್ 10ರಿಂದ 16ರ ಒಳಗಿನವರಿಗೆ ಇಂಥ ಆ್ಯಪ್‌ಗಳಲ್ಲಿ ಅಕೌಂಟೇ ಇಲ್ಲ ಅಂದುಬಿಟ್ಟಿತು. ಅಲ್ಲಿನಷ್ಟು ಬಿಗಿ ಇಲ್ಲಿ ಬರಲಿ ಬಿಡಲಿ, ತಾರೀಖು ಹಾಕುವ ಕೈ ನಿಮ್ಮದೇ.

ಸುಳ್ಳು ವಯಸ್ಸಿನ ಅಕೌಂಟ್ ಆಗಲೇ ಇದೆಯಾ? ಮೊದಲು ಫೋಟೋಗಳನ್ನು ಇಳಿಸಿಕೊಳ್ಳಿ. ಆಮೇಲೆ ಇನ್‌ಸ್ಟಾ ಸೆಟ್ಟಿಂಗ್ಸ್‌ನಲ್ಲಿರುವ ಅಕೌಂಟ್ಸ್ ಸೆಂಟರ್‌ಗೆ ಹೋಗಿ ಹುಟ್ಟಿದ ದಿನ ತಿದ್ದಿ. 13 ಆಗಿರದಿದ್ದರೆ ಅಕೌಂಟ್ ಹೋಗುತ್ತದೆ, ಮಗು ಅಳುತ್ತದೆ. ಅಳಲಿ ಬಿಡಿ. ಎರಡು ದಿನ ಬಿಟ್ಟು ಫೋನ್ ತೆಗೆದು ಇನ್‌ಸ್ಟಾ ಮತ್ತೆ ಬಂದಿದೆಯಾ ನೋಡಿ. ಬಂದಿದ್ದರೆ ಪ್ರೊಫೈಲ್‌ನಲ್ಲಿ ಮೇಲಿನ ಹೆಸರು ಒತ್ತಿ. ಬೇರೆ ಹೆಸರಿನಲ್ಲಿ ಮಾಡಿಕೊಂಡ ಹೊಸ ಅಕೌಂಟ್ ಸಾಮಾನ್ಯವಾಗಿ ಅಲ್ಲೇ ಸಿಗುತ್ತದೆ.